ಓಡಿಹೋದ ಗಂಡನಿಗೊಂದು ಚರಣ

ಊರೂರು ಸುತ್ತಿದ ಹೆಂಗಸಿಗೆ ನಾಚಿಕೆ ಇರೋದಿಲ್ಲ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಶುದ್ಧ ಸುಳ್ಳು. ಸುತ್ತಿದಷ್ಟೂ ನಾಚಿಕೆಪಡೋದಕ್ಕೆ ಹೊಸ ಹೊಸ ಜಾಗ ಸಿಗುತ್ತವೆ, ಅಷ್ಟೇ. ನಾನು ಅರ್ಧ ಆಯಸ್ಸನ್ನು ಪ್ರವಾಸಿ ಹಡಗುಗಳಲ್ಲಿ ಹಾಡುತ್ತ ಕಳೆದವಳು. ಬಂದರು ಬಂದರಿನಲ್ಲೂ ಒಂದೊಂದು ಅವಮಾನ ಇಳಿಸಿ, ಕೊನೆಗೆ ಹಗುರಾಗಿ ರಾಮನಗರಕ್ಕೆ ಬಂದು ಸೇರಿದೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಅದಕ್ಕಿಂತ ದೊಡ್ಡ ದಾಸ್ತಾನು ನನಗಾಗಿ ಕಾದಿತ್ತು. ಎಲ್ಲದಕ್ಕೂ ಕಾರಣ ಒಂದೇ ಒಂದು ಹಾಡು.

ಅಮೆರಿಕದಲ್ಲಿ ಅಣ್ಣತಮ್ಮಂದಿರಿಲ್ಲವೇ?

ಹಡಗಿನಲ್ಲಿ ನನ್ನ ತಲೆಗೊಂದು ಅಗಲ ಅಂಚಿನ ಟೋಪಿ ಹಾಕಿಸಿ ಅಮೆರಿಕದ ಹಳ್ಳಿಗಾಡಿನ ಹಾಡು ಹಾಡಿಸುತ್ತಿದ್ದರು. 'ಕಂಟ್ರಿ' ಅಂತ ಅದರ ಹೆಸರು. ಹೆಚ್ಚಿನವು ಎದೆ ಒಡೆದ ಹಾಡುಗಳೇ. ಅದರಲ್ಲೊಂದು ತುಂಬಾ ಹಳೆಯದು: ಗಂಡ ಬಿಟ್ಟುಹೋಗಿದ್ದಾನೆ, ಹೆಂಡತಿ ಕಿಟಕಿಯಲ್ಲಿ ಕೂತು ದಾರಿ ನೋಡುತ್ತಾಳೆ. ಬಹಳ ಕಾಲ ಅದನ್ನು ಹೆಣ್ಣೊಬ್ಬಳೇ ಹಾಡುತ್ತಿದ್ದಳು. ಆಮೇಲೆ ಯಾರಿಗೋ ಬುದ್ಧಿ ಹೊಳೆದು ಅದನ್ನು ಜೋಡಿ ಹಾಡು ಮಾಡಿದರು. ಅವಳದೊಂದು ಚರಣ, ಬಿಟ್ಟುಹೋದವನದೊಂದು ಚರಣ. ಹೊಸ ಹಾಡಿಗೆ ಹಡಗಿನ ಮುದುಕ ಮುದುಕಿಯರೆಲ್ಲ ಕೈಕೈ ಹಿಡಿದುಕೊಂಡು ಅತ್ತರು. ನಮ್ಮ ಕಡೆಯ ಹಾಡಿಗೂ ಹೀಗೇ ಮಾಡಬೇಕು ಅಂತ ಅವತ್ತೇ ತಲೆಗೆ ಹೊಕ್ಕಿತು.

ರಾಮನಗರದಲ್ಲಿ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿರುವ ಒಬ್ಬರಿದ್ದಾರೆ. ದೇವರ ಹಾಡು, ಚುನಾವಣೆ ಪ್ರಚಾರ, ಆಟೋಗೆ ಕಟ್ಟುವ ಮೈಕಿನ ಕೂಗು ಎಲ್ಲವೂ ಅಲ್ಲೇ ತಯಾರಾಗುವುದು. ಅವರಿಗೆ ಹಡಗಿನ ಹಾಡು ಕೇಳಿಸಿ, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣೇ ಒದ್ದೆಯಾಯಿತು. ತೆಂಗಿನ ಸಸಿ ಮಾರಾಟದ ಕೂಗು ರೆಕಾರ್ಡ್ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ಗಮನವಿಟ್ಟು ಕೇಳಿಸಿಕೊಂಡರು. ಆಮೇಲೆ ಕೆಮ್ಮಿ, "ಗಂಡ ಹೋಗಿ ಬಾಳಾ ದಿನ ಆಯ್ತಾ?" ಅಂದರು.

"ವರ್ಷಗಳೇ ಆಗಿವೆ."

"ಆಯಮ್ಮಂಗೆ ಅಣ್ಣತಮ್ಮಂದ್ರು ಇಲ್ವಾ?"

"ಹಾಡಿನಲ್ಲಿ ಹೇಳಿಲ್ಲ."

"ಅಪ್ಪ? ಸೋದರಮಾವ?"

"ಅದೂ ಹೇಳಿಲ್ಲ."

"ಹೋಗ್ಲಿ, ಊರಾಗೆ ನಾಕ್ ಜನ ದೊಡ್ಡೋರಾದ್ರೂ ಇರ್ಬೇಕಲ್ವಾ? ಒಂದ್ ಗಾಡಿ ಮಾಡ್ಕಂಡ್ ಹೋಗಿ ಎಳ್ಕಂಬಂದು ನ್ಯಾಯ ಸೇರ್ಸೋದಲ್ವಾ? ಆಯಮ್ಮ ಕಿಟ್ಕೀಲಿ ಕುಂತು ಹಾಡಿದ್ರೆ ಅವ್ನಿಗ್ ಕೇಳ್ಸ್ತದಾ?"

ನ್ಯಾಯ ಸೇರಿಸುವುದು ಅಂದರೆ ಕೋರ್ಟು ಅಲ್ಲ. ಗಂಡ ಹೆಂಡಿರ ಜಗಳ ಬೀದಿಗೆ ಬಂದರೆ ನಮ್ಮ ಕಡೆ ನಾಲ್ಕು ಜನ ಹಿರಿಯರು ಕೂತು, ಇಬ್ಬರ ಮಾತೂ ಕೇಳಿ, ಒಂದು ತೀರ್ಮಾನ ಹೇಳುತ್ತಾರೆ. ನಾನು ಅದೇ ಹಾಡನ್ನು ಸಮುದ್ರದುದ್ದಕ್ಕೂ ಹಾಡಿದ್ದೆ. ಎಲ್ಲಾ ದೇಶದವರೂ ಅತ್ತಿದ್ದರು. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಅದಿರಲಿ, ನನಗೇ ಹೊಳೆದಿರಲಿಲ್ಲವಲ್ಲ! ಮುಖ ಕೆಂಪಾಗಿ, ಹಡಗಿನಲ್ಲಿ ಟೋಪಿ ಹೊತ್ತಿದ್ದ ತಲೆಯನ್ನು ಕೆರೆದುಕೊಳ್ಳುತ್ತಾ ಕೂತೆ. ಯಜಮಾನರು ಎದ್ದು ಪಂಚೆ ಕೊಡವಿಕೊಂಡು ಸ್ಟುಡಿಯೋದವರಿಗೆ ಹೇಳಿದರು: "ನಂದು ಮೊದ್ಲು ಮುಗಿಸ್ಬುಡಪ್ಪ. ಆಯಮ್ಮನ ಗಂಡ ಹೆಂಗೂ ಬರಲ್ಲ, ನನ್ ಸಸಿ ಒಣಗ್ತಾವೆ."

ಪ್ಯಾರಿಸ್ಸಿನ ಸೆಂಟು

ನಮ್ಮ ಕಡೆಯ ಹಾಡು ಇದ್ದದ್ದು ನನ್ನ ಅವ್ವನ ತಂಗಿಯ ಬಾಯಲ್ಲಿ. ಕನಕಪುರದಿಂದ ಆಚೆ ಹಳ್ಳಿಯಲ್ಲಿ ಚಿಕ್ಕವ್ವ ರೇಷ್ಮೆ ಹುಳ ಸಾಕುತ್ತಾಳೆ. ನಾನು ಚಿಕ್ಕವಳಿದ್ದಾಗ ಊರಿನ ಹೆಂಗಸರೆಲ್ಲ ಹುಳಕ್ಕೆ ಸೊಪ್ಪು ಹಾಕುತ್ತಾ ಒಂದು ಹಾಡು ಹೇಳುತ್ತಿದ್ದರು. ರೇಷ್ಮೆ ಗೂಡು ಮಾರಲು ಗಾಡಿ ಕಟ್ಟಿಕೊಂಡು ಹೋದ ಗಂಡ ತಿರುಗಿ ಬರಲಿಲ್ಲ. ಎತ್ತುಗಳು ಮಾತ್ರ ದಾರಿ ಗುರುತು ಹಿಡಿದು ಬಂದವು.

ಗೂಡು ಮಾರಿ ಬತ್ತೀನಂತ ಗಾಡಿ ಹೂಡಿ ಹೋದೋನೆ,
ಎತ್ತು ಎರಡೂ ಬಂದವಲ್ಲೋ, ನೀನೆಲ್ಲಿ ಉಳಿದೋನೆ.

ಈಗ ಅದನ್ನು ಪೂರ್ತಿ ಬಲ್ಲವಳು ಚಿಕ್ಕವ್ವ ಒಬ್ಬಳೇ. ರೆಕಾರ್ಡರ್ ಹಿಡಿದು, ಒಳ್ಳೆಯ ಸೀರೆ ಉಟ್ಟು, ಗಮಗಮ ಅಂತ ಹೋದೆ. ಹುಳದ ಮನೆ ಬಾಗಿಲಿಗೆ ಕಾಲಿಟ್ಟಿದ್ದೇ ಒಳಗಿನಿಂದ ಕೂಗು ಬಂತು.

"ನಿಲ್ಲೇ ಅಲ್ಲೇ! ಅದೇನ್ ಬಳ್ಕಂಡ್ ಬಂದಿದ್ದೀಯೆ ಮಗ?"

"ಸೆಂಟು ಚಿಕ್ಕವ್ವ. ಪ್ಯಾರಿಸ್‌ದು."

"ಪ್ಯಾರಿಸ್ನೋರು ಹುಳ ಸಾಕಾಕಿಲ್ವಾ? ಆಚ್ಗೋಗು. ವಾಸ್ನೆ ಬಡಿದ್ರೆ ಹುಳ ಮೇವು ಬುಡ್ತಾವೆ."

ಬಚ್ಚಲಿಗೆ ಕಳಿಸಿ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿದಳು. ಸೋಪಿಗೂ ವಾಸನೆ ಇದೆಯೆಂದು ಅದನ್ನೂ ಕೊಡಲಿಲ್ಲ. ಸೀರೆ ಬಿಚ್ಚಿಸಿ ತನ್ನದೊಂದು ಬಣ್ಣಗೆಟ್ಟ ನೈಟಿ ಹಾಕಿಸಿದಳು. ಅದು ನನ್ನ ಮೊಣಕಾಲಿಗೇ ಮುಗಿಯುತ್ತಿತ್ತು. ಬಾಗಿಲ ಬಳಿ ಸುಣ್ಣದ ಪುಡಿಯಲ್ಲಿ ಕಾಲು ತುಳಿಸಿ ಒಳಗೆ ಬಿಟ್ಟಳು. ಹಡಗಿನ ಕ್ಯಾಪ್ಟನ್ ಜೊತೆ ಊಟ ಮಾಡಿದವಳು ನಾನು. ಇಲ್ಲಿ ತಟ್ಟೆ ತಟ್ಟೆ ಹುಳಗಳು ತಲೆ ಎತ್ತಿ ನನ್ನ ಮಂಡಿ ನೋಡುತ್ತಿದ್ದವು.

ಚಿಕ್ಕವ್ವ ಸೊಪ್ಪು ಹರಡುತ್ತಾ ಹಾಡಿದಳು. ನನಗೆ ಮೈ ಜುಮ್ಮೆಂದಿತು. ಅಷ್ಟು ದೇಶ ತಿರುಗಿ ಅಷ್ಟು ಜನರ ಗಂಟಲು ಕೇಳಿದ್ದೇನೆ, ಇಂಥ ನೋವು ಕೇಳಿರಲಿಲ್ಲ. ಆ ಕ್ಷಣಕ್ಕೆ ನನಗೆ ಟೀವಿಯವರ ಭೂತ ಹೊಕ್ಕಿತು. ರೆಕಾರ್ಡರನ್ನು ಅವಳ ಬಾಯಿಗೆ ಹಿಡಿದು, ದನಿ ತಗ್ಗಿಸಿ, "ಚಿಕ್ಕವ್ವ, ಈ ನೋವು ನಿನಗೆ ಎಲ್ಲಿಂದ ಬರುತ್ತೆ?" ಅಂದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಚಿಕ್ಕಪ್ಪ ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಗಳಲ್ಲಿ ನಾಟಕ ಆಡುವವರಿಗೆ ಹಾಡು ಕಲಿಸುವ ಕೆಲಸ. ಬಹಳ ಹಿಂದೆ ಮಾಗಡಿ ಕಡೆ ಒಂದು ನಾಟಕ ಕಲಿಸಲು ಹೋದವನು ಆರೇಳು ವರ್ಷ ಮನೆಗೆ ಬರಲಿಲ್ಲ. ಆಮೇಲೊಂದು ದಿನ ಹಾರ್ಮೋನಿಯಂ ಹೊತ್ತು ತಾನಾಗಿ ಬಂದ. ನಾನು ಆಗ ಸಮುದ್ರದ ಮೇಲಿದ್ದೆ. ಹೋಗಿದ್ದೂ ಬಂದಿದ್ದೂ ಎರಡೂ ಸುದ್ದಿ ಒಂದೇ ಫೋನಿನಲ್ಲಿ ತಲುಪಿದ್ದರಿಂದ ಎಲ್ಲಾ ಸರಿಹೋಗಿದೆ ಅಂದುಕೊಂಡು ಮರೆತೇಬಿಟ್ಟಿದ್ದೆ.

ಚಿಕ್ಕವ್ವ ಕೈಯಲ್ಲಿನ ಸೊಪ್ಪು ಬಿಡದೆ ಗದ್ದದಿಂದ ಹೊರಗಿನ ಜಗಲಿ ತೋರಿಸಿದಳು.

"ಅಕ್ಕೋ, ಅಲ್ಲಿ ಅವರೇಕಾಯಿ ಬುಡಿಸ್ತಾ ಕುಂತೈತಲ್ಲ, ಅಲ್ಲಿಂದ."

ಮಾಗಡಿಯಲ್ಲಿ ಆರತಿ

ಅಷ್ಟು ಮುಖಭಂಗವಾದ ಮೇಲೆ ಚಿಕ್ಕವ್ವನನ್ನು ಜೋಡಿ ಹಾಡಿಗೆ ಕರೆಯುವ ಧೈರ್ಯ ಬರಲಿಲ್ಲ. ಹೆಣ್ಣಿನ ಚರಣ ನಾನೇ ಹಾಡಿಕೊಳ್ಳುತ್ತೇನೆ, ಗಂಡಿಗೆ ಯಾರನ್ನಾದರೂ ಹಿಡಿದರಾಯಿತು ಅಂತ ಹೊರಟೆ. ದೊಡ್ಡಮಳೂರಿನವನೊಬ್ಬ ಸಿಕ್ಕಿದ. ವಾರವೆಲ್ಲ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಆರ್ಕೆಸ್ಟ್ರಾದಲ್ಲಿ ಹಾಡು. ವಯಸ್ಸು ಮೂವತ್ತರ ಆಸುಪಾಸು. ನನ್ನ ವಯಸ್ಸು ಕೇಳಬೇಡಿ, ಅದರ ಆಸುಪಾಸಿನಲ್ಲಿಲ್ಲ. "ಮಾಗಡೀಲಿ ಒಂದು ರಿಸೆಪ್ಷನ್ ಐತೆ ಮೇಡಂ, ಅಲ್ಲೇ ಜನ ಹೆಂಗ್ ತಗೋತಾರೆ ನೋಡಿಬಿಡೋಣ" ಅಂದ. ಹೂಂ ಅಂದೆ.

ಕಲ್ಯಾಣ ಮಂಟಪ ತುಂಬಿತ್ತು. ನಾನು ಕಣ್ಣು ಮುಚ್ಚಿ ಮೊದಲ ಚರಣ ಎತ್ತಿಕೊಂಡೆ. ಎರಡನೇ ಸಾಲಿಗೆ ಇಡೀ ಮಂಟಪ ಗಪ್‌ಚಿಪ್. ಊಟದ ಹಾಲಿನಲ್ಲಿ ಹಪ್ಪಳ ಮುರಿಯುವ ಸದ್ದೂ ನಿಂತಿತು. ಆಹಾ, ಹಿಡಿದುಬಿಟ್ಟೆ ಜನರನ್ನು ಅಂದುಕೊಂಡು ಕಣ್ಣು ಬಿಟ್ಟರೆ, ಮದುಮಗಳು ಅಳುವ ಮುಖ ಮಾಡಿಕೊಂಡು ನಿಂತಿದ್ದಾಳೆ. ಅವಳಪ್ಪ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಾನೆ. ಆಗ ಹೊಳೆಯಿತು. ಮದುವೆ ಮನೆಯಲ್ಲಿ, ಇನ್ನೂ ಅರಿಶಿನ ಒಣಗದ ಹೆಣ್ಣಿನ ಮುಂದೆ, ಗಂಡ ಬಿಟ್ಟುಹೋದ ಹಾಡು ಹೇಳುತ್ತಿದ್ದೇನೆ! ಯಾವ ದೇಶದಲ್ಲಿ ಹೇಗೆ ನಮಸ್ಕಾರ ಮಾಡಬೇಕು ಅಂತೆಲ್ಲ ತಿಳಿದವಳಿಗೆ ಇದು ತಿಳಿಯಬೇಡವೇ? ನಿಲ್ಲಿಸಿದರೆ ಅಪಶಕುನ, ಮುಂದುವರಿಸಿದರೆ ಇನ್ನೂ ಅಪಶಕುನ. ಅಷ್ಟರಲ್ಲಿ ದೊಡ್ಡಮಳೂರಿನವನು ತನ್ನ ಸರದಿ ಬಂತೆಂದು ಮುಂದೆ ಬಂದು, ಎದೆ ಮೇಲೆ ಕೈಯಿಟ್ಟು, ತಾನೇ ಹೊಸೆದುಕೊಂಡಿದ್ದ ಬಿಟ್ಟುಹೋದ ಗಂಡನ ಚರಣ ಶುರುಮಾಡಿದ.

ಮುಂದಿನ ಸಾಲಿನಿಂದ ಹೆಣ್ಣಿನ ಅಜ್ಜಿ ಎದ್ದು ಬಂದರು. ಇಬ್ಬರು ಹುಡುಗರ ಹೆಗಲು ಹಿಡಿದುಕೊಂಡು ಸ್ಟೇಜ್ ಹತ್ತಿದರು.

"ನಿಲ್ಸಪ್ಪ ನಿನ್ ಡೋಲು" ಅಂತ ಬ್ಯಾಂಡಿನವನಿಗೆ ಹೇಳಿ ನನ್ನ ಕೈ ಹಿಡಿದರು. "ಅಳ್ಬ್ಯಾಡ ಕಣವ್ವ. ಬಂದವ್ನಲ್ಲ. ಇನ್ಯಾಕ್ ಅಳ್ತೀಯ?"

ಆಮೇಲೆ ಅವನ ಕಡೆ ತಿರುಗಿ, "ಏನಪ್ಪ, ಹಾಡಾಕೆ ಬರ್ತೀಯ, ಮನೇಗ್ ಬರಾಕೇನ್ ರೋಗ? ಇನ್ಮೇಲೆ ಹೋಗಲ್ಲ ಅನ್ನು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಮೈಕ್ನಾಗೇ ಅನ್ನು. ಎಲ್ರಿಗೂ ಕೇಳ್ಲಿ."

"ಇನ್ಮೇಲೆ ಹೋಗಲ್ಲ" ಅಂದ ಮೈಕಿನಲ್ಲಿ.

ಇಡೀ ಮಂಟಪ ಚಪ್ಪಾಳೆ ಹೊಡೆಯಿತು. ಮದುಮಗಳ ಅಪ್ಪ ನೆಮ್ಮದಿಯ ಉಸಿರು ಬಿಟ್ಟ. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಕೆಂಪು ನೀರಿನ ತಟ್ಟೆ ತರಿಸಿ, ನಮ್ಮಿಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ ಆರತಿ ಎತ್ತಿಸಿದರು. ಇಬ್ಬರಿಗೂ ಸೇರಿ ಒಂದೇ ತಾಂಬೂಲದ ಚೀಲ ಕೊಟ್ಟರು. ನಾನು ತಲೆ ತಗ್ಗಿಸಿ ಮೆಟ್ಟಿಲು ಇಳಿಯುವಾಗ ಯಾರೋ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು. "ಹೆಣ್ಗೆ ಒಸಿ ವಯಸ್ಸಾಗೈತಲ್ಲಜ್ಜಿ?"

ಅಜ್ಜಿ ಗದರಿದರು: "ಕಾದೂ ಕಾದೂ ಹಂಗಾಗವ್ಳೆ, ಸುಮ್ಕಿರು."

ಎಮ್ಮೆಗೆ ರಜೆ

ಸುದ್ದಿ ನನಗಿಂತ ಮೊದಲು ಊರು ಸೇರಿತ್ತು. ಮತ್ತೆ ಹೋದಾಗ ಚಿಕ್ಕವ್ವ ಕೇಳಿದ ಮೊದಲ ಮಾತು: "ನನ್ ಹಾಡು ಹಾಡಿ ಮಾಗಡೀಲಿ ಆರತಿ ಎತ್ತಿಸ್ಕಂಡ್ಯಂತೆ?"

ನಾಚಿಕೆಯಿಂದ ಕುಗ್ಗಿದೆ. ಆದರೂ ಹೋದದ್ದು ಒಂದು ಕೆಲಸಕ್ಕೆ. ಸ್ಟುಡಿಯೋದವರು ಖಡಾಖಂಡಿತವಾಗಿ ಹೇಳಿದ್ದರು: "ಮೇಡಂ, ನಿಮ್ಮ ಗಂಟಲಲ್ಲಿ ಹಡಗು ಕೇಳಿಸುತ್ತೆ. ಆ ಅಮ್ಮನೇ ಹಾಡಬೇಕು." ಗಂಡಿನ ಚರಣಕ್ಕೆ ಆ ಧಾಟಿ ಬಲ್ಲ ಗಂಡಸು ಸುತ್ತಮುತ್ತ ಒಬ್ಬನೇ ಇದ್ದ. ಜಗಲಿ ಮೇಲಿದ್ದ.

ಕೇಳಿದ ಮೇಲೆ ಗೊತ್ತಾಯಿತು. ಚಿಕ್ಕಪ್ಪ ತಿರುಗಿ ಬಂದ ದಿನ ಚಿಕ್ಕವ್ವ ತಟ್ಟೆ ಇಟ್ಟು ಮುದ್ದೆ ಹಾಕಿದಳಂತೆ. ಮಾತು ಮಾತ್ರ ಆಡಲಿಲ್ಲ. ಅಂದಿನಿಂದ ಇಂದಿನವರೆಗೆ ಇಬ್ಬರ ನಡುವೆ ನೇರ ಮಾತಿಲ್ಲ. ಯಾರಾದರೂ ಮನೆಗೆ ಬಂದರೆ ಅವರ ಮೂಲಕ ಮಾತು. ಯಾರೂ ಇಲ್ಲದಿದ್ದರೆ ಕೊಟ್ಟಿಗೆಯ ಎಮ್ಮೆಯ ಮೂಲಕ. "ನೀರ್ ಕಾದೈತೆ" ಅಂತ ಚಿಕ್ಕವ್ವ ಎಮ್ಮೆಗೆ ಹೇಳುತ್ತಾಳೆ. ಎಮ್ಮೆ ಮೆಲುಕು ಹಾಕುತ್ತಾ ನಿಂತಿರುತ್ತದೆ. ಚಿಕ್ಕಪ್ಪ ಎದ್ದು ಬಚ್ಚಲಿಗೆ ಹೋಗುತ್ತಾನೆ. ನಾನು ಬಂದದ್ದರಿಂದ ಎಮ್ಮೆಗೆ ರಜೆ ಸಿಕ್ಕಿತು.

ಜೋಡಿ ಹಾಡಿನ ವಿಷಯ ಎತ್ತಿದೆ. ಚಿಕ್ಕವ್ವ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

"ಅವ್ನು ಹೋದಾಗ್ಲಿಂದ ನಂದು ಅಂತ ಉಳಿದಿರೋದು ಇದೊಂದು ಹಾಡು ಕಣವ್ವ. ಬಾಯ್ಬಿಟ್ಟು ಕೇಳ್ನಿಲ್ಲ ನಾನು. ದಿನಾ ಇದ್ನ ಹಾಡ್ತೀನಿ, ಕೇಳ್ಬೇಕಾದೋರ್ ಕಿವೀಗ್ ಬೀಳ್ತದೆ. ಇದ್ರಾಗೂ ಅರ್ಧ ಅವ್ನಿಗೆ ಕೊಡು ಅಂತೀಯ."

ನಾನು ಎದ್ದು ಹೊರಡಲು ನೋಡಿದೆ. ಅವಳೇ ಮುಂದುವರಿಸಿದಳು.

"ಕೊಡ್ತೀನಿ. ಸುಮ್ಕಲ್ಲ. ಯಾಕೋದೆ ಅನ್ನೋದ ಅವ್ನ ಚರಣ್ದಾಗೆ ಹೇಳ್ಬೇಕು. ಈಗ ಬ್ಯಾಡ, ಸಭೇಲಿ ಹೇಳ್ಲಿ. ನಾಕ್ ಜನ ಕೇಳ್ಲಿ. ಹೋಗ್ ಹೇಳು."

ನಾಲ್ಕು ಹೆಜ್ಜೆ ಆಚೆ ಇದ್ದ ಜಗಲಿಗೆ ಹೋಗಿ ಹೇಳಿದೆ. ಅಲ್ಲಿಗೆ ಎಲ್ಲಾ ಕೇಳಿಸಿತ್ತು, ಆದರೂ ಚಿಕ್ಕಪ್ಪ ಹೊಸದಾಗಿ ಕೇಳುವವನಂತೆ ತಲೆಯಾಡಿಸಿದ. ಕನ್ನಡಕ ಒರೆಸಿದ. ಆಮೇಲೆ ಗುಟ್ಟಾಗಿ, "ಅದ್ನೆಲ್ಲ ಹೇಳಕಾಯ್ತದಾ ಮಗ? ನೀನ್ ಓದಿದೋಳು, ಎರಡ್ ಸಾಲು ಚಂದಾಗಿ ಬರ್ಕೊಟ್ಬುಡು" ಅಂದ. ನನಗೂ ಹಾಡು ಮುಗಿದರೆ ಸಾಕಾಗಿತ್ತು. ಬರೆದುಕೊಟ್ಟೆ. ಒಳಗೆ ಹೋಗಿ "ಒಪ್ಪಿದ್ದಾನೆ ಚಿಕ್ಕವ್ವ" ಅಂದೆ.

ಅಭ್ಯಾಸವೂ ನನ್ನ ಮೂಲಕವೇ. ಅವಳು ಒಳಗೆ, ಅವನು ಹೊರಗೆ, ಮಾತಿಲ್ಲದೆ ಬರೀ ಧಾಟಿ ಗುನುಗುವುದು.

"ಆಯಪ್ಪಂಗೆ ಹೇಳು, ಶ್ರುತಿ ಮೇಲಾಯ್ತು ಅಂತ."

"ಹಿಡಿದಿರೋದೇ ಆಕೆ ಮೇಲೆ ಅಂತ ಹೇಳು ಮಗ."

"ಹಂಗಾರೆ ಹಾರ್ಮೋನಿ ಪೆಟ್ಟಿಗೆ ಕೆಟ್ಟೈತೆ ಅಂತ ಹೇಳು."

ಹೊಸಿಲು ದಾಟಿ ದಾಟಿ ನನ್ನ ಕಾಲು ಬಿದ್ದುಹೋದವು. ಕೊನೆಗೆ ತಡೆಯಲಾರದೆ ಹೊಸಿಲ ಮೇಲೇ ಕೂತು, "ನೀವಿಬ್ಬರೇ ಮಾತಾಡಿಕೊಳ್ರಪ್ಪ!" ಅಂತ ಕಿರುಚಿದೆ.

ಒಳಗಿನಿಂದಲೂ ಹೊರಗಿನಿಂದಲೂ ಒಟ್ಟಿಗೆ ಬಂತು: "ಯಾರ್ ಜೊತೆ?"

ಅದೊಂದನ್ನು ಮಾತ್ರ ಇಬ್ಬರೂ ಒಂದೇ ಶ್ರುತಿಯಲ್ಲಿ ಅಂದರು.

ಯಾವ ಹೊಳೆ?

ಚನ್ನಪಟ್ಟಣದ ಸಮುದಾಯ ಭವನದಲ್ಲಿ ಮಹಿಳಾ ಸಂಘಗಳ ವಾರ್ಷಿಕೋತ್ಸವ. ಹಳ್ಳಿ ಹಳ್ಳಿಯಿಂದ ಹೆಂಗಸರು ಬಂದು ಕುರ್ಚಿ ಸಾಲದೆ ಕಿಟಕಿಗಳಲ್ಲೂ ಕೂತಿದ್ದರು. ಸ್ಟುಡಿಯೋದವರು ಮೈಕಿಟ್ಟು ರೆಕಾರ್ಡಿಂಗ್ ಶುರುಮಾಡಿದರು. ಎಡಕ್ಕೆ ಚಿಕ್ಕವ್ವ, ಬಲಕ್ಕೆ ಹಾರ್ಮೋನಿಯಂ ಜೊತೆ ಚಿಕ್ಕಪ್ಪ, ಅಭ್ಯಾಸಬಲದಿಂದ ನಡುವೆ ನಾನು, ಹಡಗಿನ ಕಾಲದ ಗಿಟಾರ್ ಹಿಡಿದುಕೊಂಡು.

ಚಿಕ್ಕವ್ವ ಹಾಡಿದಳು. ಭವನ ಪೂರ್ತಿ ನಿಶ್ಶಬ್ದ. ಈ ಸಲ ಅಪಶಕುನದ್ದಲ್ಲ. ಎಷ್ಟೋ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚರಣ ಮುಗಿಸಿ ಅವಳು ತಲೆ ಸ್ವಲ್ಪ ಬಲಕ್ಕೆ ತಿರುಗಿಸಿದಳು. ವರ್ಷಗಟ್ಟಲೆ ಕಾದ ಉತ್ತರ ಬರುವ ಹೊತ್ತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ನಾನು ಬರೆದುಕೊಟ್ಟಿದ್ದನ್ನು ಹಾಡಿದ:

ಹೊಳೆಯು ತುಂಬಿ ಹರಿಯುತಿತ್ತು, ದೋಣಿ ಕಾಣದೆ ನಿಂತೆನು,
ದಡದ ಮೇಲೆ ನಿನ್ನ ನೆನೆದು ಕಣ್ಣ ಹೊಳೆಯಲಿ ಮಿಂದೆನು.

ಚಿಕ್ಕವ್ವ ಬಸ್ಸು ನಿಲ್ಲಿಸುವವಳಂತೆ ಕೈ ಎತ್ತಿದಳು.

"ಯಾವ್ ಹೊಳೆ?"

ಮೈಕು ಬಹಳ ಚೆನ್ನಾಗಿತ್ತು. ಹಿಂದಿನ ಸಾಲಿಗೂ ಕೇಳಿಸಿತು. ಚಿಕ್ಕಪ್ಪನ ಕೈ ಹಾರ್ಮೋನಿಯಂ ಮೇಲೇ ನಿಂತಿತು.

"ಯಾವ್ ಹೊಳೆ ಅಂದೆ. ನೀನ್ ಹೋಗಿದ್ದು ಯುಗಾದಿ ಕಳೆದ್ ಮ್ಯಾಲೆ. ಆ ವರ್ಷ ಅರ್ಕಾವತೀಲಿ ಎಮ್ಮೆ ಮೈ ತೊಳಿಯಾಕೂ ನೀರಿರ್ನಿಲ್ಲ. ದೋಣಿಯಂತೆ ದೋಣಿ!"

ಸಭೆಯಲ್ಲಿ ಯಾರೋ ಅಂದರು: "ಹೌದು ಕಣವ್ವ, ಆ ವರ್ಷ ಬಾವೀನೂ ಬತ್ತಿತ್ತು."

ಚಿಕ್ಕಪ್ಪ ಒಂದು ಬೆರಳೆತ್ತಿ ನನ್ನನ್ನು ತೋರಿಸಿದ. "ಇವ್ಳೇ ಬರ್ಕೊಟ್ಟಿದ್ದು."

ಸಂಘದ ಅಧ್ಯಕ್ಷೆ ಕುರ್ಚಿಯಿಂದ ಎದ್ದರು. "ತಡೀರವ್ವ. ಒಂದ್ ಕಡೆಯೋರು ಹಾಡಿದ್ರೆ ಹಾಡು. ಎರಡೂ ಕಡೆಯೋರ್ ಬಾಯ್ಬುಟ್ಮ್ಯಾಲೆ ನ್ಯಾಯ ಆಗ್ಲೇಬೇಕು." ಇಬ್ಬರಿಗೂ ಎದುರುಬದುರು ಕುರ್ಚಿ ಹಾಕಿಸಿದರು. ಭಾಷಣಕ್ಕೆ ಬಂದಿದ್ದ ಮುಖ್ಯ ಅತಿಥಿಗಳನ್ನು "ಒಸಿ ಆ ಕಡೆ ಸರ್ಕೊಳಿ ಸಾರ್" ಅಂತ ಸ್ಟೇಜಿನ ಮೂಲೆಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹೊಳೆ ತುಂಬ್ಸಿದೋಳು ನೀನೇನಾ?"

"ಹೂಂ" ಅಂದೆ.

"ನಡುವೆ ನಿಲ್ಬ್ಯಾಡ. ಹೋಗ್ ಕುಂತ್ಕೋ."

ಗಿಟಾರ್ ಅಪ್ಪಿಕೊಂಡು ಸ್ಟೇಜಿನ ಮೆಟ್ಟಿಲ ಮೇಲೆ ಕೂತೆ. ಜಗತ್ತಿನ ಎಷ್ಟೋ ವೇದಿಕೆಗಳಿಂದ ಇಳಿದಿದ್ದೇನೆ, ಅಷ್ಟು ಚಿಕ್ಕವಳಾಗಿ ಎಂದೂ ಇಳಿದಿರಲಿಲ್ಲ.

"ಈಗ ಹೇಳಪ್ಪ, ಯಾಕೋದೆ?"

"ನಾಟ್ಕ ಕಲಿಸಾಕೆ."

"ಅದಕ್ ಆರೇಳ್ ವರ್ಷ ಬೇಕಾ? ಅಲ್ಲಿ ಯಾವಳಾರ ಇದ್ಲಾ?"

"ಇಲ್ಲ ಕಣ್ರವ್ವ. ಇಬ್ರು ರಾಜ್ರು, ಒಬ್ಬ ಮಂತ್ರಿ, ಎಲ್ಲಾ ಗಂಡಸ್ರೇ. ರಾಣಿ ಪಾರ್ಟೂ ಗಂಡ್ಸೇ ಮಾಡ್ತಿದ್ದ."

ನಕ್ಕು ನಕ್ಕು ಹೆಂಗಸರು ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು. ಚಿಕ್ಕವ್ವ ನಗಲಿಲ್ಲ. ಅವನನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ಈಗ ಅಧ್ಯಕ್ಷೆಯ ಕಡೆ ಅಲ್ಲ, ಅವಳ ಕಡೆ ತಿರುಗಿದ.

"ಹುಳ ಹಣ್ಣಾಗಿ ಗೂಡಿಗೆ ಬರೋದ್ರೊಳಗೆ ಬತ್ತೀನಿ ಅಂದಿದ್ದೆ ಕಣಮ್ಮಿ. ನಾಟ್ಕ ಒಂದ್ವಾರ ಮುಂದಕ್ ಹೋಯ್ತು. ಗೂಡು ಕಟ್ಟಿಸೋ ಕೆಲ್ಸ ಎಲ್ಲಾ ನೀನೊಬ್ಳೇ ಮಾಡಿರ್ತೀಯ, ಬೈತೀಯ ಅಂತ ಇನ್ನೆರಡ್ ದಿನ ಬುಟ್ ಹೋಗಮ ಅಂದ್ಕಂಡೆ. ಎರಡ್ ದಿನ ಬುಟ್ರೆ ಅದ್ಕೂ ಸೇರ್ಸಿ ಬೈತೀಯಲ್ಲ. ತಿಂಗ್ಳಾದ್ಮ್ಯಾಲೆ ಇನ್ನೂ ಜಾಸ್ತಿ. ವರ್ಷ ಆದ್ಮ್ಯಾಲೆ... ಹೆಂಗ್ ಬರ್ಲಿ? ದಿನಾ ಹೊರಡ್ತಿದ್ದೆ. ಬಸ್ ಸ್ಟಾಂಡ್ ಗಂಟ ಬಂದು ವಾಪಸ್ ಹೋಯ್ತಿದ್ದೆ."

"ಬೈತೀನಿ ಅಂತಾ?"

"ಹೂಂ."

"ಅಷ್ಟೇನಾ?"

"ಅಷ್ಟೇ ಕಣಮ್ಮಿ."

ಚಿಕ್ಕವ್ವನ ದನಿ ಮೊದಲ ಸಲ ಒಡೆಯಿತು. "ನಾನೇನ್ ತಪ್ ಮಾಡಿದ್ನೋ ಅಂತ ಅಷ್ಟ್ ವರ್ಷ ಹುಡುಕ್ತಾ ಕುಂತಿದ್ನಲ್ಲ. ಮುದ್ದೆ ಗಟ್ಟಿ ಆಯ್ತಾ, ಮಾತ್ ಗಟ್ಟಿ ಆಯ್ತಾ, ನನ್ ಮುಖ ಬ್ಯಾಡಾಯ್ತಾ ಅಂತ. ಬೈತೀನಿ ಅಂತ ಹೋದ್ಯಾ?"

ನನಗೆ ನಾನು ಬರೆದ ಆ ದರಿದ್ರ ಹೊಳೆಯಲ್ಲೇ ಮುಳುಗಿಹೋಗಬೇಕು ಅನ್ನಿಸಿತು. ಆ ಹೆಂಗಸು ಕೇಳಿದ್ದು ಒಂದೇ ಒಂದು ನಿಜ. ಅವಳಿಗೆ ನಾನು ಕೊಟ್ಟದ್ದು ಪ್ರಾಸ.

ಅಧ್ಯಕ್ಷೆ ಕಣ್ಣೊರೆಸಿಕೊಂಡು ತೀರ್ಮಾನ ಹೇಳಿದರು. "ಬೈಗುಳಕ್ ಹೆದ್ರಿ ಹೋದೋನು ಈಯಪ್ಪ. ಹಂಗಾರೆ ಅವತ್ತಿಂದ ಇವತ್ಗಂಟ ಬೈಸ್ಕೋಬೇಕಾಗಿದ್ದು ಎಲ್ಲಾ ಬಾಕಿ ಐತೆ. ಕುಂತು ಕೇಳ್ಬೇಕು. ಎದ್ ಹೋಗಂಗಿಲ್ಲ. ನೀನ್ ಶುರು ಮಾಡವ್ವ."

ಚಿಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ ಮನೆ ಹಾ..." ಅಂತ ಶುರುಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು. ಮನೆ ಅವಳದೇ. ಇನ್ನೊಂದು ಕಡೆಯಿಂದ ಎತ್ತಿಕೊಂಡಳು. ಆಮೇಲೆ ನಿಲ್ಲಲಿಲ್ಲ. ಹುಳ ಹಣ್ಣಾದ ವಾರದಿಂದ ಹಿಡಿದು, ಒಂದೊಂದು ಹಬ್ಬ, ಒಂದೊಂದು ಮಳೆ, ಒಂದೊಂದು ಜ್ವರ, ಯಾವುದನ್ನೂ ಬಿಡದೆ ಬೈದಳು. ಎಂಥ ಬೈಗುಳ! ಕೆಲವನ್ನು ನಾನು ನಮ್ಮಜ್ಜಿ ಕಾಲದ ನಂತರ ಕೇಳಿಯೇ ಇರಲಿಲ್ಲ. ಊಟ ಸಿದ್ಧ ಅಂತ ಎರಡು ಸಲ ಕೂಗಿದರೂ ಒಬ್ಬರೂ ಏಳಲಿಲ್ಲ. ಮುಖ್ಯ ಅತಿಥಿಗಳೂ ಏಳಲಿಲ್ಲ.

ಚಿಕ್ಕಪ್ಪ ತಲೆ ತಗ್ಗಿಸಿ ಕೇಳುತ್ತಾ, ಮೇಷ್ಟ್ರ ಕೈ ಸುಮ್ಮನಿರಲಾರದೆ, ಮೆಲ್ಲಗೆ ಹಾರ್ಮೋನಿಯಂ ಒತ್ತಿ ಅವಳ ಬೈಗುಳಕ್ಕೆ ಶ್ರುತಿ ಕೊಡತೊಡಗಿದ.

"ಒಸಿ ಇಳ್ಸು, ಮೇಲಾಯ್ತು" ಅಂದಳು ಚಿಕ್ಕವ್ವ.

ನಾನು ಅಭ್ಯಾಸಬಲದಿಂದ ಸಂದೇಶ ತಲುಪಿಸಲು ಎದ್ದು ನಿಂತೆ. ಅಷ್ಟರಲ್ಲಿ ಅವನು ಇಳಿಸಿಯಾಗಿತ್ತು. ಸಭೆಯೆಲ್ಲ ನನ್ನನ್ನೇ ನೋಡಿತು. ಮತ್ತೆ ಕೂತೆ.

ಬುಕಿಂಗು

ಸ್ಟುಡಿಯೋದವರು ರೆಕಾರ್ಡಿಂಗ್ ನಿಲ್ಲಿಸಿರಲೇ ಇಲ್ಲ. ನಿಲ್ಲಿಸಲು ಮನಸ್ಸು ಬರಲಿಲ್ಲವಂತೆ. ಚಿಕ್ಕವ್ವನ ಮುಂದೆ ಪೂರ್ತಿ ಕೇಳಿಸಿ, ನೆಟ್ಟಿಗೆ ಹಾಕಬಹುದೇ ಅಂತ ಕೇಳಿದೆವು. ಅವಳು ಜಗಲಿ ಕಡೆ ತಿರುಗಿ, ಯಾರ ಮೂಲಕವೂ ಅಲ್ಲದೆ, "ಹಾಕ್ಸ್‌ಲಾ?" ಅಂತ ಕೂಗಿದಳು. "ಹಾಕ್ಸು, ಕೇಳ್ದೋರ್ ಯಾರಾರ ಬೇಗ ಮನೇಗೋಗ್ಲಿ" ಅಂದ ಚಿಕ್ಕಪ್ಪ.

"ಹಾಡಿನಲ್ಲಿ ಅವನಿಗೆ ಅರ್ಧ ಕೊಟ್ಟಂಗಾಯ್ತಾ ಚಿಕ್ಕವ್ವ?" ಅಂತ ಕೇಳಿದೆ.

"ಕಾಲ್ಭಾಗ ಕೊಟ್ಟಿವ್ನಿ. ಮಿಕ್ಕಿದ್ದು ನಡ್ಕಂಡಂಗ್ ನೋಡಮ."

ಹಾಗಾಗಿ ನಮ್ಮ ಜೋಡಿ ಹಾಡು ಈಗ ಊರೆಲ್ಲರ ಮೊಬೈಲಿನಲ್ಲಿದೆ. ಸಾಹಿತ್ಯ ಅಂತ ನನ್ನ ಹೆಸರು ಹಾಕಿದ್ದಾರೆ. ನಾನು ಬರೆದದ್ದು ಹೊಳೆಯ ಎರಡು ಸಾಲು. ಜನ ಕೇಳುತ್ತಿರುವುದು ಆಮೇಲಿನ ಬೈಗುಳ. ಅದಷ್ಟೂ ನಾನೇ ಬರೆದದ್ದು ಅಂತ ತಿಳಿದು, ರಾಮನಗರದ ಬಸ್ ಸ್ಟಾಂಡಿನಲ್ಲಿ ಗಂಡಸರು ನನ್ನನ್ನು ಕಂಡರೆ ದಾರಿ ಬಿಡುತ್ತಾರೆ, ಹೆಂಗಸರು ಕೈ ಮುಗಿಯುತ್ತಾರೆ. ಎರಡಕ್ಕೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ಮೊನ್ನೆ ಮಾಗಡಿ ಕಡೆಯ ಸಂಘವೊಂದರಿಂದ ಫೋನ್ ಬಂತು.

"ಅಕ್ಕ, ನಮ್ಮೂರಲ್ಲಿ ಒಂದು ಕಾರ್ಯಕ್ರಮ ಕೊಡಬೇಕು."

ಎಷ್ಟಾದರೂ ಕಲಾವಿದೆ, ಉಬ್ಬಿಹೋದೆ. "ಕೊಡೋಣಮ್ಮ. ಯಾವ ಯಾವ ಹಾಡು ಬೇಕು?"

"ಹಾಡು ಬ್ಯಾಡ ಅಕ್ಕ."

"ಮತ್ತೆ?"

"ಆ ಅಮ್ಮ ಬೈತಾರಲ್ಲ, ಅದಷ್ಟೇ ಸಾಕು."

ನಾಚಿಕೆಯನ್ನು ನುಂಗಿಕೊಂಡು, ಹೇಗಾದರೂ ತಪ್ಪಿಸಿಕೊಳ್ಳೋಣ ಅಂತ ಹೇಳಿದೆ: "ಅವಳು ಬರಬಹುದಮ್ಮ. ಆದರೆ ನಮ್ಮ ಚಿಕ್ಕಪ್ಪನಿಗೆ ಮಂಡಿ ನೋವು, ಅಷ್ಟು ದೂರ ಬಂದು ಕೂತು ಬೈಸಿಕೊಳ್ಳೋಕೆ ಆಗೋದಿಲ್ಲ."

"ಅಯ್ಯೋ, ಪಾಪ, ಅವ್ರು ಮನೇಲೇ ಇರ್ಲಿ ಬುಡಿ ಅಕ್ಕ. ಗಂಡಸ್ರು ನಮ್ಮೂರಲ್ಲೇ ಅವ್ರೆ. ಯಾರನ್ನಾರ ಒಬ್ಬರನ್ನ ಕೂರಿಸ್ತೀವಿ."